ಕಿತ್ತಳೆ ಸಿಪ್ಪೆಯ ಬಣ್ಣ: ಅಮೆರಿಕದ ಸುದ್ದಿ, ಮುಂಬಯಿಯ ಕೈಚೀಲ

2025ರ ಏಪ್ರಿಲ್ 22ರಂದು ಅಮೆರಿಕ ಸರ್ಕಾರ ಒಂದು ಘೋಷಣೆ ಮಾಡಿತು. ಪೆಟ್ರೋಲಿಯಂನಿಂದ ತಯಾರಾಗುವ ಆಹಾರ ಬಣ್ಣಗಳನ್ನು ಹಂತಹಂತವಾಗಿ ಕೈಬಿಡುತ್ತೇವೆ, ಎರಡು ಬಣ್ಣಗಳ ಪರವಾನಗಿಯನ್ನಂತೂ ರದ್ದು ಮಾಡಲು ಹೊರಡುತ್ತೇವೆ ಎಂದಿತು. ಆ ಎರಡರಲ್ಲಿ ಒಂದರ ಹೆಸರು ಸಿಟ್ರಸ್ ರೆಡ್ 2. ಅದನ್ನು ಹಾಕುವುದು ಒಂದೇ ಒಂದು ಕಡೆ, ಕಿತ್ತಳೆ ಹಣ್ಣಿನ ಸಿಪ್ಪೆಗೆ.

ಇದಾಗಿ ಒಂದು ತಿಂಗಳೊಳಗೆ ನಮ್ಮಲ್ಲೂ ಒಂದು ಸುದ್ದಿ ಬಂತು. ಹಣ್ಣನ್ನು ಕಾರ್ಬೈಡ್ ಹಾಕಿ ಮಾಗಿಸುವವರ ಮೇಲೆ, ಸಿಪ್ಪೆಗೆ ಬಣ್ಣ ಅಥವಾ ಅನುಮತಿಯಿಲ್ಲದ ಮೇಣ ಬಳಿಯುವವರ ಮೇಲೆ ಕಣ್ಣಿಡಿ ಎಂದು ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ, ಅಂದರೆ ಎಫ್‌ಎಸ್‌ಎಸ್‌ಎಐ, ಎಲ್ಲ ರಾಜ್ಯಗಳಿಗೂ ಸೂಚನೆ ಕೊಟ್ಟಿತು.

ಎರಡನ್ನೂ ಒಟ್ಟಿಗೆ ಓದಿದವರಿಗೆ ಗೊಂದಲ ಆಗುವುದು ಸಹಜ. ಅಮೆರಿಕ ತೆಗೆಯಲು ಹೊರಟ ಬಣ್ಣ ನಮ್ಮ ಕಿತ್ತಳೆಯಲ್ಲೂ ಇದೆಯಾ? ದಾದರ್ ಸ್ಟೇಷನ್ ಹೊರಗೆ ಗಾಡಿಯಲ್ಲಿ ಕೊಳ್ಳುವ ನಾಗಪುರದ ಹಣ್ಣಿಗೂ ಫ್ಲೋರಿಡಾದ ಹಣ್ಣಿಗೂ ಏನು ಸಂಬಂಧ? ಈ ಎರಡು ಕಥೆಗಳನ್ನು ಮೊದಲು ಬಿಡಿಸಿಕೊಳ್ಳಬೇಕು. ಒಂದರ ಭಯವನ್ನು ಇನ್ನೊಂದರ ಮೇಲೆ ಹೇರಿದರೆ, ನಿಜವಾಗಿ ನೋಡಬೇಕಾದ ಕಡೆ ನಮ್ಮ ಕಣ್ಣು ಹೋಗುವುದಿಲ್ಲ.

ಹಸಿರು ಸಿಪ್ಪೆ ಎಂದರೆ ಕಾಯಿ ಎಂದಲ್ಲ

ಎಲ್ಲವೂ ಶುರುವಾಗುವುದು ಒಂದು ತಪ್ಪು ನಂಬಿಕೆಯಿಂದ. ಕಿತ್ತಳೆ ಎಂದರೆ ಕೇಸರಿ ಬಣ್ಣ, ಹಸಿರಿದ್ದರೆ ಅದು ಕಾಯಿ ಎಂದು ನಾವು ಅಂದುಕೊಂಡಿದ್ದೇವೆ.

ಸಿಪ್ಪೆಯ ಹಸಿರು ಎಲೆಯಲ್ಲಿರುವ ಹಸಿರೇ, ಕ್ಲೋರೊಫಿಲ್. ರಾತ್ರಿ ಚಳಿ ಬಿದ್ದಾಗ ಅದು ಒಡೆಯುತ್ತದೆ. ಅಡಿಯಲ್ಲಿದ್ದ ಹಳದಿ, ಕೇಸರಿ ಬಣ್ಣ ಆಗ ಮೇಲೆ ಕಾಣುತ್ತದೆ. ಅಂದರೆ ಸಿಪ್ಪೆಯ ಬಣ್ಣಕ್ಕೆ ದೊಡ್ಡ ಕಾರಣ ಹವೆ. ಒಳಗಿನ ತೊಳೆ ಸಿಹಿಯಾಗುವುದು ಬೇರೆ ಲೆಕ್ಕ. ರಾತ್ರಿ ಬೆಚ್ಚಗಿರುವ ಊರಿನಲ್ಲಿ ತೊಳೆ ಪೂರ್ತಿ ಹಣ್ಣಾಗಿದ್ದರೂ ಸಿಪ್ಪೆ ಹಸಿರಾಗಿಯೇ ಉಳಿಯಬಹುದು. ಕೆಲವು ತಳಿಗಳಲ್ಲಿ ಕೇಸರಿಗೆ ತಿರುಗಿದ ಹಣ್ಣು ಮರದಲ್ಲೇ ಬೇಸಿಗೆಯವರೆಗೆ ಉಳಿದರೆ ಮತ್ತೆ ಹಸಿರಾಗುವುದೂ ಉಂಟು.

ಕನ್ನಡಿಗರಿಗೆ ಇದು ಹೊಸದೇನಲ್ಲ. ಕೊಡಗಿನ ಕಿತ್ತಳೆ ತಿಂದವರಿಗೆ ಗೊತ್ತು. ಅದರ ಸಿಪ್ಪೆಯಲ್ಲಿ ಹಸಿರು, ಹಳದಿ ಎರಡೂ ಇರುತ್ತವೆ, ರುಚಿಗೆ ಏನೂ ಕಮ್ಮಿ ಇರುವುದಿಲ್ಲ. ಮುಂಬಯಿಯ ಜ್ಯೂಸ್ ಸೆಂಟರ್‌ಗಳಲ್ಲಿ ಮೋಸಂಬಿ ರಾಶಿ ಹಾಕಿರುತ್ತಾರೆ, ಸಿಪ್ಪೆ ಹಸಿರೋ ಹಳದಿಯೋ ಎಂದು ಯಾರೂ ಕೇಳುವುದಿಲ್ಲ. ಮೋಸಂಬಿಯೂ ಕಿತ್ತಳೆಯ ಬಳಗದ್ದೇ. ಒಂದು ಹಣ್ಣಿಗೆ ಹಸಿರು ಒಪ್ಪುತ್ತೇವೆ, ಇನ್ನೊಂದಕ್ಕೆ ಒಪ್ಪುವುದಿಲ್ಲ. ಇದು ಬರೀ ರೂಢಿ. ಆದರೆ ಮಾರುಕಟ್ಟೆಯಲ್ಲಿ ಬೆಲೆ ನಿಲ್ಲುವುದು ಈ ರೂಢಿಯ ಮೇಲೆಯೇ.

ಫ್ಲೋರಿಡಾಕ್ಕೆ ಬಣ್ಣ ಯಾಕೆ ಬೇಕಾಯಿತು

ಅಮೆರಿಕದಲ್ಲಿ ಕಿತ್ತಳೆ ಬೆಳೆಯುವ ದೊಡ್ಡ ರಾಜ್ಯಗಳು ಎರಡು, ಕ್ಯಾಲಿಫೋರ್ನಿಯಾ ಮತ್ತು ಫ್ಲೋರಿಡಾ. ಕ್ಯಾಲಿಫೋರ್ನಿಯಾದಲ್ಲಿ ಹಗಲು ಬಿಸಿಲು, ರಾತ್ರಿ ಚಳಿ. ಅಲ್ಲಿನ ಹಣ್ಣಿಗೆ ಬಣ್ಣ ತಾನಾಗಿ ಬರುತ್ತದೆ. ಫ್ಲೋರಿಡಾ ಬೆಚ್ಚಗೆ, ತೇವವಾಗಿ ಇರುವ ಪ್ರದೇಶ. ಅಲ್ಲಿ ಹಂಗಾಮಿನ ಆರಂಭದಲ್ಲಿ ಹಣ್ಣಾದ ಕಿತ್ತಳೆಯೂ ಹಸಿರು ಅಥವಾ ಪೇಲವ ಹಳದಿ. ಅಂಗಡಿಯಲ್ಲಿ ಎರಡೂ ಪಕ್ಕಪಕ್ಕ ಕೂತರೆ ಗಿರಾಕಿಯ ಕೈ ಕೇಸರಿ ಹಣ್ಣಿಗೇ ಹೋಗುತ್ತದೆ, ಅಲ್ವಾ? ಫ್ಲೋರಿಡಾದ ಬೆಳೆಗಾರರ ವಾದವೂ ಇದೇ ಆಗಿತ್ತು. ನಮ್ಮ ಹಣ್ಣು ಒಳ್ಳೆಯದೇ, ಹವೆಯಿಂದ ಬಣ್ಣ ಬಂದಿಲ್ಲ, ಆ ಒಂದು ಕೊರತೆ ತುಂಬಿಕೊಳ್ಳಲು ಬಿಡಿ ಎಂದರು.

ಮೊದಲು ಬಳಸುತ್ತಿದ್ದದ್ದು ರೆಡ್ 32 ಎಂಬ ಬಣ್ಣ. 1950ರ ದಶಕದಲ್ಲಿ ಪ್ರಾಣಿಗಳ ಮೇಲಿನ ಪರೀಕ್ಷೆಯಲ್ಲಿ ಅದು ಹಾನಿ ಮಾಡುತ್ತದೆಂದು ತಿಳಿದು ಪಟ್ಟಿಯಿಂದ ಹೊರಬಿತ್ತು. ಬೆಳೆಗಾರರು ಕೋರ್ಟಿಗೆ ಹೋದರು. 1958ರ ಡಿಸೆಂಬರ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅವರ ವಿರುದ್ಧ ತೀರ್ಪು ಕೊಟ್ಟಿತು. ಹಾನಿಕರ ಎಂದು ಗೊತ್ತಾದ ಬಣ್ಣಕ್ಕೆ ಇಷ್ಟರವರೆಗೆ ಇರಲಿ ಎಂದು ಮಿತಿ ಹಾಕಿ ಬಿಡಲು ಆಗಿನ ಕಾನೂನಿನಲ್ಲಿ ಅವಕಾಶ ಇಲ್ಲ ಎಂದಿತು. ಆ ಜಾಗ ತುಂಬಲು ಬಂದದ್ದೇ ಸಿಟ್ರಸ್ ರೆಡ್ 2.

ಹೊಸ ಬಣ್ಣಕ್ಕೆ ಷರತ್ತುಗಳಿದ್ದವು. ಇಡೀ ಹಣ್ಣಿನ ತೂಕಕ್ಕೆ 2 ಪಿಪಿಎಂ ಮೀರಬಾರದು, ಅಂದರೆ ಒಂದು ಕಿಲೋ ಹಣ್ಣಿಗೆ 2 ಮಿಲಿಗ್ರಾಂ. ಜ್ಯೂಸ್, ಜಾಮ್ ತಯಾರಿಕೆಗೆ ಹೋಗುವ ಹಣ್ಣಿಗೆ ಹಾಕಬಾರದು. ಹಣ್ಣು ಒಳಗೆ ಬಲಿತಿರಬೇಕು. ಕೊನೆಯ ಷರತ್ತು ಮುಖ್ಯವಾದದ್ದು. ಕಾಯಿಯನ್ನು ಹಣ್ಣೆಂದು ತೋರಿಸಿ ಮೋಸ ಮಾಡದಂತೆ ಅದು ತಡೆಯುತ್ತಿತ್ತು.

ಅಪಾಯ ಎಷ್ಟು?

ಇಲ್ಲಿ ಎರಡು ಕಡೆಯವರ ಮಾತನ್ನೂ ನಿಧಾನವಾಗಿ ಕೇಳಬೇಕು.

ವಿರೋಧಿಸುವವರ ಕೈಯಲ್ಲಿ ಹಳೆಯ ದಾಖಲೆಗಳಿವೆ. 1969ರಲ್ಲೇ ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ ಸಂಸ್ಥೆಯ ಜಂಟಿ ತಜ್ಞರ ಸಮಿತಿ ಇದನ್ನು ಆಹಾರ ಬಣ್ಣವಾಗಿ ಬಳಸಬಾರದು ಎಂದಿತ್ತು. ಇಲಿಗಳಲ್ಲಿ ಮೂತ್ರಕೋಶದ ಗೆಡ್ಡೆಗಳು ಕಂಡಿದ್ದವು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದನ್ನು 2ಬಿ ಗುಂಪಿನಲ್ಲಿ ಇಟ್ಟಿದೆ. ಐರೋಪ್ಯ ಒಕ್ಕೂಟದಲ್ಲಿ ಇದಕ್ಕೆ ಅನುಮತಿ ಇಲ್ಲ.

2ಬಿ ಎಂದರೆ ಮನುಷ್ಯರಿಗೆ ಕ್ಯಾನ್ಸರ್ ತರುವ ಸಾಧ್ಯತೆ ಇದೆ ಎಂದು ಅರ್ಥ. ಖಂಡಿತ ತರುತ್ತದೆ ಎಂದಲ್ಲ. ಎಷ್ಟು ತಿಂದರೆ ತರುತ್ತದೆ ಎಂದಂತೂ ಅದು ಹೇಳುವುದಿಲ್ಲ. 2023ರಲ್ಲಿ ಸಕ್ಕರೆ ಬದಲು ಬಳಸುವ ಆಸ್ಪರ್ಟೇಮ್ ಕೂಡ ಇದೇ ಗುಂಪಿಗೆ ಬಂತು. ಗುಂಪಿನ ಹೆಸರು ಕೇಳಿಯೇ ಬೆಚ್ಚಿಬೀಳಬೇಕಿಲ್ಲ.

ಬಣ್ಣದ ಪರವಾಗಿ ಇರುವ ವಾದ ಪ್ರಮಾಣದ್ದು. 150 ಗ್ರಾಂ ತೂಗುವ ಒಂದು ಕಿತ್ತಳೆಯಲ್ಲಿ, ಮಿತಿ ಪೂರ್ತಿ ಬಳಸಿದರೂ, ಇರುವುದು 0.3 ಮಿಲಿಗ್ರಾಂ ಬಣ್ಣ. ಅದೂ ಸಿಪ್ಪೆಯಲ್ಲಿ. ಸಿಪ್ಪೆ ಸುಲಿದು ಕಸಕ್ಕೆ ಹಾಕುತ್ತೇವೆ. ಬಾಯಿಗೆ ಹೋಗುವುದು ಹೆಚ್ಚುಕಡಿಮೆ ಏನೂ ಇಲ್ಲ. ಈ ಲೆಕ್ಕ ಸುಳ್ಳಲ್ಲ.

ಆದರೆ ಇನ್ನೊಂದು ಪ್ರಶ್ನೆ ಕೇಳಿಕೊಳ್ಳಬೇಕು. ಈ ಚಿಕ್ಕ ಅಪಾಯಕ್ಕೆ ಬದಲಾಗಿ ತಿನ್ನುವವರಿಗೆ ಸಿಗುವುದೇನು? ಉಪ್ಪಿನಕಾಯಿ ಕೆಡದಂತೆ ಇಡುವ ಪದಾರ್ಥಕ್ಕೆ ಒಂದು ಉಪಯೋಗವಿದೆ. ಔಷಧಕ್ಕೆ ಅಡ್ಡಪರಿಣಾಮ ಇದ್ದರೂ ರೋಗ ವಾಸಿಯಾಗುತ್ತದೆ. ಸಿಪ್ಪೆಯ ಬಣ್ಣದಿಂದ ಹಣ್ಣು ಸಿಹಿಯಾಗುವುದಿಲ್ಲ, ಜಾಸ್ತಿ ದಿನ ಉಳಿಯುವುದೂ ಇಲ್ಲ. ಲಾಭವೆಲ್ಲ ಮಾರುವವರದು, ಅಪಾಯ ಎಷ್ಟೇ ಸಣ್ಣದಾದರೂ ತಿನ್ನುವವರದು. ಈ ವ್ಯವಹಾರ ನ್ಯಾಯವಾದದ್ದಲ್ಲ. ಪ್ರಮಾಣ ಕಡಿಮೆ ಎಂಬ ವಾದ ಸೋಲುವುದು ಇಲ್ಲಿ.

ಸಿಪ್ಪೆ ತಿನ್ನುವವರ ಲೆಕ್ಕ ಎಲ್ಲಿ?

ಸಿಪ್ಪೆಯನ್ನು ಯಾರೂ ತಿನ್ನುವುದಿಲ್ಲ ಎಂಬ ಊಹೆ ಈ ಬಣ್ಣದ ಸುರಕ್ಷತೆಯ ಲೆಕ್ಕಕ್ಕೆ ಬುನಾದಿ. ಕನ್ನಡದ ಅಡುಗೆಮನೆಗೆ ಬಂದರೆ ಆ ಬುನಾದಿ ಅಲುಗುತ್ತದೆ.

ಕಿತ್ತಳೆ ಸಿಪ್ಪೆಯ ಗೊಜ್ಜು ಮಾಡುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಮಾಟುಂಗಾದಲ್ಲಿರಲಿ, ಡೊಂಬಿವಲಿಯಲ್ಲಿರಲಿ, ಹಣ್ಣು ತಿಂದ ಮೇಲೆ ಸಿಪ್ಪೆ ಸಣ್ಣಗೆ ಹೆಚ್ಚಿ, ಎಣ್ಣೆಯಲ್ಲಿ ಬಾಡಿಸಿ, ಹುಣಸೆಹುಳಿ, ಬೆಲ್ಲ, ಮೆಣಸಿನಪುಡಿ ಹಾಕಿ ಕುದಿಸುತ್ತಾರೆ. ಮೊಸರನ್ನಕ್ಕೆ ಅದಕ್ಕಿಂತ ಒಳ್ಳೆಯ ಜೋಡಿ ಇಲ್ಲ.

ಸಿಟ್ರಸ್ ರೆಡ್ 2 ನೀರಿನಲ್ಲಿ ಕರಗುವ ಬಣ್ಣವಲ್ಲ, ಎಣ್ಣೆಯಲ್ಲಿ ಕರಗುವ ಬಣ್ಣ. ಸಿಪ್ಪೆಯ ಮೇಲೆ ಮೇಣದಂಥ ಪದರವೂ ಅದರ ಕೆಳಗೆ ಎಣ್ಣೆಯ ಚೀಲಗಳೂ ಇರುವುದರಿಂದ ಅಂಥ ಬಣ್ಣ ಅಲ್ಲಿ ಚೆನ್ನಾಗಿ ಹಿಡಿಯುತ್ತದೆ. ನಲ್ಲಿ ನೀರಿನಲ್ಲಿ ಎಷ್ಟು ತೊಳೆದರೂ ಹೋಗುವುದಿಲ್ಲ. ಒಗ್ಗರಣೆಯ ಎಣ್ಣೆಗೆ ಹಾಕಿದರೆ ಸುಲಭವಾಗಿ ಬಿಟ್ಟುಕೊಳ್ಳುತ್ತದೆ. ಕಸಕ್ಕೆ ಹೋಗುತ್ತದೆ ಎಂದು ಬರೆದಿಟ್ಟ 0.3 ಮಿಲಿಗ್ರಾಂ ಗೊಜ್ಜು ಮಾಡುವ ಮನೆಯಲ್ಲಿ ಊಟದ ತಟ್ಟೆಗೇ ಬರುತ್ತದೆ.

ಇದನ್ನು ಹೆದರಿಸಲು ಹೇಳುತ್ತಿಲ್ಲ. ಮುಂಬಯಿಯ ಕಿತ್ತಳೆಗೆ ಆ ಬಣ್ಣ ಹಾಕಿದ್ದಾರೆ ಎಂದೂ ಇದರ ಅರ್ಥವಲ್ಲ. ಒಂದು ದೇಶದ ಊಟದ ಪದ್ಧತಿ ನೋಡಿ ಹಾಕಿದ ಮಿತಿಯನ್ನು ಇನ್ನೊಂದು ದೇಶ ಹಾಗೇ ಎತ್ತಿಕೊಳ್ಳಬಾರದು, ಅಷ್ಟೆ.

ಈಗಲೇ ಯಾಕೆ?

ಸುಮಾರು 60 ವರ್ಷಕ್ಕಿಂತ ಜಾಸ್ತಿ ಬಿಟ್ಟದ್ದನ್ನು ಈಗ ತೆಗೆಯಲು ಹೊರಟದ್ದು ಯಾಕೆ? ಹೊಸ ಸಂಶೋಧನೆ ಏನೋ ಬಂತು ಎಂದುಕೊಳ್ಳಬೇಕಿಲ್ಲ. ಮುಖ್ಯ ದಾಖಲೆಗಳು ಹಳೆಯವೇ. ಬದಲಾದದ್ದು ಅಲ್ಲಿನ ರಾಜಕೀಯ, ಮತ್ತು ಫ್ಲೋರಿಡಾದ ತೋಟಗಳು.

ಅಲ್ಲಿ 2005ರಲ್ಲಿ ಸಿಟ್ರಸ್ ಗ್ರೀನಿಂಗ್ ಎಂಬ ರೋಗ ಕಾಣಿಸಿಕೊಂಡಿತು. ಸಣ್ಣ ಕೀಟವೊಂದು ಹರಡುವ ಬ್ಯಾಕ್ಟೀರಿಯಾ ರೋಗ ಅದು. ಮರ ನಿಧಾನವಾಗಿ ಸಾಯುತ್ತದೆ. 2003-04ರಲ್ಲಿ 24 ಕೋಟಿ ಪೆಟ್ಟಿಗೆ ಕಿತ್ತಳೆ ಬೆಳೆದ ರಾಜ್ಯದಲ್ಲಿ 2024-25ರ ಹೊತ್ತಿಗೆ ಬೆಳೆ ಸುಮಾರು 1.2 ಕೋಟಿ ಪೆಟ್ಟಿಗೆಗೆ ಇಳಿದಿದೆ. ಅದರಲ್ಲೂ ಬಹುಪಾಲು ಜ್ಯೂಸ್‌ಗೆ ಹೋಗುತ್ತದೆ, ಆ ಹಣ್ಣಿಗೆ ಬಣ್ಣ ಹಾಕುವಂತೆಯೇ ಇಲ್ಲ. ಹಾಗಾಗಿ ಈ ಬಣ್ಣ ಉಳಿಸಿಕೊಳ್ಳಲು ಜಗಳ ಮಾಡುವವರೂ ಕಡಿಮೆ. ಬಳಕೆ ಕುಗ್ಗಿದ ಬಣ್ಣವನ್ನು ತೆಗೆಯುವುದು ಸರ್ಕಾರಕ್ಕೆ ಸುಲಭ. ದಿನವೂ ಟನ್‌ಗಟ್ಟಲೆ ಬಳಸುವ ಹಳದಿ, ಕೆಂಪು ಬಣ್ಣಗಳ ವಿಷಯದಲ್ಲಿ ಅದೇ ಸರ್ಕಾರ ಕಂಪನಿಗಳನ್ನು ತಾವಾಗಿ ಬಿಡಿ ಎಂದು ಕೇಳಿಕೊಂಡಿದೆ. ಎರಡರ ನಡುವಿನ ವ್ಯತ್ಯಾಸ ಗಮನಿಸಬೇಕಾದದ್ದು.

ನಮ್ಮ ಕಾನೂನು ಏನು ಹೇಳುತ್ತದೆ

ಭಾರತದಲ್ಲಿ ಸಿಟ್ರಸ್ ರೆಡ್ 2 ಅನುಮತಿಯ ಪಟ್ಟಿಯಲ್ಲೇ ಇಲ್ಲ. ನಮ್ಮ ಪಟ್ಟಿಯಲ್ಲಿ ಇರುವ ಕೃತಕ ಬಣ್ಣಗಳು ಕೆಲವೇ: ಟಾರ್ಟ್ರಜಿನ್, ಸನ್‌ಸೆಟ್ ಯೆಲ್ಲೊ, ಕಾರ್ಮೊಸಿನ್, ಪಾನ್ಸೊ 4ಆರ್, ಎರಿಥ್ರೊಸಿನ್, ಬ್ರಿಲಿಯಂಟ್ ಬ್ಲೂ, ಇಂಡಿಗೊ ಕಾರ್ಮಿನ್, ಫಾಸ್ಟ್ ಗ್ರೀನ್. ಇವನ್ನೂ ಹಾಕಬಹುದಾದದ್ದು ಹೆಸರಿಸಿದ ಕೆಲವು ತಯಾರಿಕೆಗಳಿಗೆ ಮಾತ್ರ, ಅದೂ ಮಿತಿಯೊಳಗೆ. ತಾಜಾ ಹಣ್ಣಿಗೆ ಯಾವ ಕೃತಕ ಬಣ್ಣವನ್ನೂ ಹಾಕುವಂತಿಲ್ಲ.

ಜನ ಎಡವುವುದು ಇಲ್ಲಿ. ಒಂದು ಬಣ್ಣಕ್ಕೆ ಅನುಮತಿ ಇದೆ ಎಂದರೆ ಎಲ್ಲದಕ್ಕೂ ಹಾಕಬಹುದು ಎಂದಲ್ಲ. ಎರಿಥ್ರೊಸಿನ್ ಎಂಬ ಕೆಂಪು ಬಣ್ಣವನ್ನೇ ನೋಡಿ. ನಮ್ಮಲ್ಲಿ ಕೆಲವು ತಿನಿಸುಗಳಿಗೆ ಅದು ನ್ಯಾಯಬದ್ಧ. ಕಲ್ಲಂಗಡಿಯೊಳಗೆ ಹೋದರೆ ಅದೇ ಕಲಬೆರಕೆ. ಅಮೆರಿಕ ಇದೇ ಬಣ್ಣದ ಅನುಮತಿಯನ್ನು 2025ರ ಜನವರಿಯಲ್ಲಿ ರದ್ದು ಮಾಡಿ, ಆಹಾರ ಕಂಪನಿಗಳಿಗೆ 2027ರ ಜನವರಿಯವರೆಗೆ ಸಮಯ ಕೊಟ್ಟಿತು. ನಮ್ಮ ಪಟ್ಟಿಯಲ್ಲಿ ಅದು ಇನ್ನೂ ಉಳಿದಿದೆ. ಅಮೆರಿಕದ ಸುದ್ದಿಯಿಂದ ನಮಗೆ ಹುಟ್ಟಬೇಕಾದ ಪ್ರಶ್ನೆ ಕಿತ್ತಳೆಗಿಂತ ಹೆಚ್ಚಾಗಿ ಇಂಥ ಬಣ್ಣಗಳದ್ದು. ಮಕ್ಕಳ ತಿನಿಸಿನಲ್ಲಿ ಬರುವುದು ಇವೇ.

ಮೇಣದ ಬಗ್ಗೆಯೂ ಒಂದು ಮಾತು. ಸೇಬು, ವಿದೇಶಿ ಕಿತ್ತಳೆಗಳ ಹೊಳಪು ಬಣ್ಣದಿಂದ ಬಂದದ್ದಲ್ಲ. ಜೇನುಮೇಣ, ಕಾರ್ನೋಬಾ ಮೇಣ, ಅರಗಿನಿಂದ ಮಾಡಿದ ಶೆಲ್ಯಾಕ್, ಇವಕ್ಕೆ ನಮ್ಮಲ್ಲಿ ಅನುಮತಿ ಇದೆ, ಲೇಬಲ್ ಮೇಲೆ ಹೇಳಿರಬೇಕು ಅಷ್ಟೆ. ಚಾಕುವಿನಿಂದ ಸೇಬು ಕೆರೆದು ಮೇಣ ತೋರಿಸುವ ವಿಡಿಯೊಗಳಿಂದ ಏನೂ ಸಾಬೀತಾಗುವುದಿಲ್ಲ.

ಮುಂಬಯಿಯಲ್ಲಿ ಕಣ್ಣಿಡಬೇಕಾದ ಜಾಗ

ಮುಂಬಯಿಗೆ ಕಿತ್ತಳೆ ಬರುವುದು ಹೆಚ್ಚಾಗಿ ವಿದರ್ಭದಿಂದ. ನಾಗಪುರ, ಅಮರಾವತಿ ಕಡೆಯ ತೋಟಗಳಿಂದ ಲಾರಿ ಹತ್ತಿ ವಾಶಿಯ ಎಪಿಎಂಸಿಗೆ ಬಂದು, ಅಲ್ಲಿಂದ ಗಾಡಿಗಳಿಗೆ ಹಂಚಿಹೋಗುತ್ತದೆ. ಪಂಜಾಬ್, ರಾಜಸ್ಥಾನದ ಕಿನ್ನೋ ಕಿತ್ತಳೆ ಚಳಿಗಾಲದಲ್ಲಿ ಬಂದು ಸೇರುತ್ತದೆ. ವಿದೇಶಿ ಹಣ್ಣು ನ್ಹಾವಾ ಶೇವಾ ಬಂದರಿನಿಂದ ಇಳಿಯುತ್ತದೆ.

ನಾಗಪುರದ ಹಣ್ಣಿಗೆ ಎರಡು ಹಂಗಾಮು, ಅಂಬಿಯಾ ಬಹಾರ್ ಮತ್ತು ಮೃಗ್ ಬಹಾರ್. ಅಂಬಿಯಾದ ಮೊದಲ ಹಣ್ಣು ದಸರಾ, ದೀಪಾವಳಿ ಹೊತ್ತಿಗೆ ಬರುತ್ತದೆ. ಆಗ ಚಳಿ ಇನ್ನೂ ಬಿದ್ದಿರುವುದಿಲ್ಲ, ಸಿಪ್ಪೆ ಹಸಿರು. ಹಬ್ಬದ ಬೇಡಿಕೆಯಿಂದ ಬೆಲೆ ಜಾಸ್ತಿ. ಆ ಹೊತ್ತಿನಲ್ಲಿ ಹಸಿರು ತೆಗೆಯುವ ಆಸೆ ಹುಟ್ಟುತ್ತದೆ.

ಅದಕ್ಕೆ ನ್ಯಾಯವಾದ ದಾರಿ ಎಥಿಲೀನ್ ಅನಿಲ. ಹಣ್ಣು ತಾನೇ ತಯಾರಿಸುವ ಅನಿಲ ಅದು. ಮುಚ್ಚಿದ ಕೋಣೆಯಲ್ಲಿ 100 ಪಿಪಿಎಂವರೆಗೆ ಬಳಸಲು ಅವಕಾಶ ಇದೆ. ಸಿಪ್ಪೆಯ ಕ್ಲೋರೊಫಿಲ್ ಒಡೆದು ಕೇಸರಿ ಕಾಣುತ್ತದೆ. ಹೊರಗಿನ ಬಣ್ಣ ಏನೂ ಸೇರುವುದಿಲ್ಲ.

ಆದರೆ ಇಲ್ಲೂ ಒಂದು ವಿಷಯ ತಿಳಿದಿರಬೇಕು. ಮಾವು, ಬಾಳೆ ಕಿತ್ತ ಮೇಲೂ ಹಣ್ಣಾಗುತ್ತವೆ, ಪಿಷ್ಟ ಸಕ್ಕರೆಯಾಗುತ್ತದೆ. ಕಿತ್ತಳೆ ಹಾಗಲ್ಲ. ಮರದಿಂದ ಕಿತ್ತ ಕ್ಷಣದಲ್ಲಿ ಎಷ್ಟು ಸಿಹಿಯೋ ಅಷ್ಟೇ. ಎಥಿಲೀನ್ ಕೊಟ್ಟರೆ ಸಿಪ್ಪೆ ಬದಲಾಗುತ್ತದೆ, ತೊಳೆ ಬದಲಾಗುವುದಿಲ್ಲ. ಬಲಿಯದ ಕಾಯಿ ಕಿತ್ತು ಹಸಿರು ತೆಗೆದರೆ ಕೈಗೆ ಬರುವುದು ಕೇಸರಿ ಸಿಪ್ಪೆಯ ಹುಳಿ ಹಣ್ಣು. ಆರೋಗ್ಯಕ್ಕೆ ಹಾನಿ ಇಲ್ಲ, ಆದರೆ ಕೊಟ್ಟ ದುಡ್ಡಿಗೆ ಮೋಸ.

ಮಾವಿನ ವಿಷಯ ಇನ್ನೂ ಗಂಭೀರ. ನಮ್ಮ ಯುಗಾದಿ, ಇಲ್ಲಿನವರ ಗುಡಿಪಾಡವಾ ಒಂದೇ ದಿನ. ಆಗಿನಿಂದ ಅಕ್ಷಯ ತೃತೀಯದವರೆಗೆ ಹಾಪೂಸ್‌ಗೆ ಎಲ್ಲಿಲ್ಲದ ಬೆಲೆ. ಬೇಗ ತಂದವರಿಗೆ ಲಾಭ. ಬೇಗ ತರಬೇಕೆಂದರೆ ಬಲಿಯುವ ಮೊದಲೇ ಕೀಳಬೇಕು, ಕಿತ್ತದ್ದನ್ನು ಬೇಗ ಹಳದಿ ಮಾಡಬೇಕು. ಅದಕ್ಕೆ ಅಗ್ಗದ ದಾರಿ ಕ್ಯಾಲ್ಸಿಯಂ ಕಾರ್ಬೈಡ್ ಪುಡಿಕೆ. ತೇವ ತಾಗಿದರೆ ಅಸಿಟಿಲೀನ್ ಅನಿಲ ಹೊರಬರುತ್ತದೆ, ಅದು ಎಥಿಲೀನ್‌ನಂತೆಯೇ ಕೆಲಸ ಮಾಡುತ್ತದೆ. ಕಾರ್ಖಾನೆಗೆಂದು ತಯಾರಾದ ಕಾರ್ಬೈಡ್‌ನಲ್ಲಿ ಆರ್ಸೆನಿಕ್, ರಂಜಕದ ಅಂಶವೂ ಇರುತ್ತದೆ. ಹಣ್ಣಿಗೆ ಇದನ್ನು ಬಳಸುವುದು ದೇಶದಾದ್ಯಂತ ನಿಷಿದ್ಧ. ಎಥಿಲೀನ್ ಬಿಡುವ ಎಥಿಫಾನ್ ಎಂಬ ರಾಸಾಯನಿಕದ ದ್ರಾವಣದಲ್ಲಿ ಹಣ್ಣನ್ನು ನೇರವಾಗಿ ಮುಳುಗಿಸುವುದೂ ತಪ್ಪು, ಅದರಿಂದ ಅನಿಲ ಮಾಡಿ ಬಳಸಬಹುದು ಅಷ್ಟೆ. ಹೆಸರಿನಲ್ಲಿ ಬಣ್ಣ ಇಲ್ಲದಿದ್ದರೂ ಇವೆಲ್ಲ ಸಿಪ್ಪೆಯ ಬಣ್ಣಕ್ಕಾಗಿಯೇ ನಡೆಯುವ ಕೆಲಸ.

ಇನ್ನು ಬಟ್ಟೆಗೆ ಹಾಕುವ ಬಣ್ಣ. ರೋಡಮಿನ್ ಬಿ ಹೆಸರು ಕನ್ನಡಿಗರಿಗೆ 2024ರ ಮಾರ್ಚ್‌ನಲ್ಲಿ ಪರಿಚಯವಾಯಿತು. ಕರ್ನಾಟಕ ಆಗ ಬಣ್ಣದ ಬಾಂಬೆ ಮಿಠಾಯಿಯನ್ನೂ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನೂ ನಿಷೇಧಿಸಿತು. ಅದಕ್ಕೆ ಸ್ವಲ್ಪ ಮೊದಲು ಗೋವಾದ ಮಾಪುಸಾದಲ್ಲಿ ಗೋಬಿ ಮಾರಾಟಕ್ಕೇ ತಡೆ ಬಿದ್ದಿತ್ತು. ಸಿಹಿಗೆಣಸಿನ ಸಿಪ್ಪೆಗೂ ಇದೇ ರೋಡಮಿನ್ ಬಳಿಯುವವರಿದ್ದಾರೆ ಎಂದು ಎಫ್‌ಎಸ್‌ಎಸ್‌ಎಐ ತನ್ನ ಕಲಬೆರಕೆ ಕೈಪಿಡಿಯಲ್ಲಿ ಎಚ್ಚರಿಸಿದೆ. ಅಗ್ಗ, ಗಾಢ, ಎಲ್ಲೆಂದರಲ್ಲಿ ಸಿಗುತ್ತದೆ. ಅಮೆರಿಕದ ಬಣ್ಣಕ್ಕಿಂತ ನಮ್ಮ ಚೀಲಕ್ಕೆ ಹತ್ತಿರ ಇರುವುದು ಇದು.

ಹಿಡಿಯುವುದು ಯಾಕೆ ಕಷ್ಟ

ಅಧಿಕಾರಿ ಮಾದರಿ ತೆಗೆದು ಲ್ಯಾಬಿಗೆ ಕಳಿಸುತ್ತಾರೆ. ವರದಿ ಕೊಡಲು ಕಾನೂನು 14 ದಿನ ಕೊಟ್ಟಿದೆ. ವಾಶಿಯಲ್ಲಿ ಇಳಿದ ಹಣ್ಣು ಎರಡು ಮೂರು ದಿನದಲ್ಲಿ ಮನೆಮನೆ ಸೇರಿರುತ್ತದೆ. ವರದಿ ಬರುವ ಹೊತ್ತಿಗೆ ಆ ಹಣ್ಣು ತಿಂದು ಮುಗಿದಿರುತ್ತದೆ. ಬಿಸ್ಕತ್ತಿನ ಪ್ಯಾಕೆಟ್ಟಿನಂತೆ ಬ್ಯಾಚ್ ನಂಬರ್ ನೋಡಿ ವಾಪಸ್ ತರಿಸುವ ಹಾಗಿಲ್ಲ.

2025ರ ಸೂಚನೆಯಲ್ಲಿ ಒಂದು ಸಾಲು ಮುಖ್ಯ ಅನ್ನಿಸುವುದು ಅದಕ್ಕೇ. ಗೋದಾಮಿನಲ್ಲಿ ಹಣ್ಣಿನ ಪೆಟ್ಟಿಗೆಯ ಬಳಿ ಕಾರ್ಬೈಡ್ ಸಿಕ್ಕರೆ ಅದನ್ನೇ ಸಾಕ್ಷಿಯಾಗಿ ಪರಿಗಣಿಸಬಹುದು ಎಂದು ಅದು ಹೇಳುತ್ತದೆ. ಲ್ಯಾಬ್ ವರದಿಗೆ ಕಾಯುತ್ತ ಕೂರಬೇಕಿಲ್ಲ. ದೊಡ್ಡ ಗೋದಾಮುಗಳಲ್ಲಿ ಈ ಅಧಿಕಾರ ಬಳಸಿದರೆ ಬದಲಾವಣೆ ಕಾಣಬಹುದು. ಬರೀ ಬೀದಿ ಗಾಡಿಯವರನ್ನು ಹಿಡಿದರೆ ಏನೂ ಆಗದು. ಪೆಟ್ಟಿಗೆ ಬಿಚ್ಚಿ ಮಾರುವವರಿಗೆ ಹಣ್ಣನ್ನು ಹೇಗೆ ಮಾಗಿಸಿದ್ದಾರೆ ಎಂದು ಎಷ್ಟೋ ಸಲ ಗೊತ್ತೇ ಇರುವುದಿಲ್ಲ.

ಮನೆಯಲ್ಲಿ ಮಾಡಬಹುದಾದದ್ದು ಸ್ವಲ್ಪ ಇದೆ. ಸಿಹಿಗೆಣಸಿಗೆ ಹೇಳಿರುವ ಪರೀಕ್ಷೆ ಸರಳ. ಒಂದು ಹತ್ತಿ ಉಂಡೆಯನ್ನು ನೀರಿನಲ್ಲಿ, ಇನ್ನೊಂದನ್ನು ಅಡುಗೆ ಎಣ್ಣೆಯಲ್ಲಿ ಅದ್ದಿ ಸಿಪ್ಪೆಯ ಮೇಲೆ ಮೆಲ್ಲಗೆ ಒರೆಸಬೇಕು. ಹತ್ತಿಗೆ ಬಣ್ಣ ಹತ್ತಿದರೆ ಅನುಮಾನ ಪಡಬಹುದು. ಎರಡೂ ಬೇಕು, ಯಾಕೆಂದರೆ ಕೆಲವು ಬಣ್ಣ ನೀರಿಗೆ ಬಿಡುತ್ತವೆ, ಕೆಲವು ಎಣ್ಣೆಗೆ ಮಾತ್ರ. ಕಿತ್ತಳೆಯಲ್ಲಿ ಎಚ್ಚರ ಬೇಕು. ಜೋರಾಗಿ ಉಜ್ಜಿದರೆ ಸಿಪ್ಪೆಯ ಎಣ್ಣೆ ಚೀಲ ಒಡೆದು ಹಣ್ಣಿನದೇ ಹಳದಿ ಬರಬಹುದು. ಅದನ್ನು ನೋಡಿ ಸುಮ್ನೆ ಗಾಡಿಯವರ ಮೇಲೆ ಜಗಳಕ್ಕೆ ಹೋಗಬಾರದು. ಕೆಂಪು ಅಥವಾ ಗುಲಾಬಿ ಬಣ್ಣ ಹತ್ತಿದರೆ ಮಹಾರಾಷ್ಟ್ರದ ಆಹಾರ ಮತ್ತು ಔಷಧ ಆಡಳಿತಕ್ಕೆ ದೂರು ಕೊಡಬಹುದು, ಎಫ್‌ಎಸ್‌ಎಸ್‌ಎಐನ ಫುಡ್ ಸೇಫ್ಟಿ ಕನೆಕ್ಟ್ ಆ್ಯಪ್‌ನಲ್ಲೂ ಹಾಕಬಹುದು.

ಮುಂದೇನಾಗಬಹುದು

ಅಮೆರಿಕದ ನಿರ್ಧಾರದಿಂದ ಮುಂಬಯಿಯ ಹಣ್ಣಿನ ಬೆಲೆಯಲ್ಲಿ, ಗುಣದಲ್ಲಿ ನೇರವಾಗಿ ಏನೂ ಬದಲಾಗದು. ಬದಲಾಗಬಹುದಾದದ್ದು ಮಾತಿನ ಧಾಟಿ. ಒಂದು ದೇಶ ಬರೀ ಚಂದಕ್ಕೆ ಹಾಕುವ ಬಣ್ಣ ಬೇಡ ಎಂದ ಮೇಲೆ, ನಮ್ಮ ಪಟ್ಟಿಯಲ್ಲಿ ಉಳಿದ ಬಣ್ಣಗಳ ಬಗ್ಗೆ ಇಲ್ಲೂ ಪ್ರಶ್ನೆ ಏಳುತ್ತದೆ. ಏಳಬೇಕು ಕೂಡ. ವಿದರ್ಭದ ಬೆಳೆಗಾರರಿಗೆ ಇದರಲ್ಲಿ ಒಂದು ಅವಕಾಶವೂ ಇದೆ. ಹಸಿರು ಮಚ್ಚೆಯ ಹಣ್ಣೂ ಸಿಹಿ ಎಂದು ಗಿರಾಕಿಗೆ ಗೊತ್ತಾದರೆ, ಸಿಪ್ಪೆಯ ಬಣ್ಣ ನೋಡಿ ಅವರ ಬೆಲೆ ಕಡಿಯುವುದು ಕಷ್ಟವಾಗುತ್ತದೆ.

ಅಲ್ಲಿಯವರೆಗೆ ಕೊಳ್ಳುವಾಗ ಬಣ್ಣ ಬಿಟ್ಟು ತೂಕ ನೋಡಿ. ಗಾತ್ರಕ್ಕೆ ಭಾರವಾಗಿದ್ದರೆ ಒಳಗೆ ರಸ ಇದೆ. ದಸರಾ ಹೊತ್ತಿನ ಹಣ್ಣನ್ನು ಸುಲಿದು ತಿನ್ನಲು ಇಟ್ಟುಕೊಳ್ಳಿ, ಸಿಪ್ಪೆ ಬೇಡ. ಮೇಣ ಹಚ್ಚಿದ ವಿದೇಶಿ ಹಣ್ಣಿನ ಸಿಪ್ಪೆಯೂ ಗೊಜ್ಜಿಗೆ ಬೇಡ. ಅದಕ್ಕೆ ಡಿಸೆಂಬರ್‌ವರೆಗೆ ಕಾದರೆ ಒಳ್ಳೆಯದು. ಅಷ್ಟರಲ್ಲಿ ನಾಗಪುರದ ಕಡೆ ಚಳಿ ಬಿದ್ದು ಮರದ ಮೇಲೇ ಸಿಪ್ಪೆಗೆ ಕೇಸರಿ ಬಂದಿರುತ್ತದೆ, ಬೇರೆ ಯಾರೂ ಬಣ್ಣಕ್ಕಾಗಿ ಖರ್ಚು ಮಾಡುವ ಅಗತ್ಯ ಇರುವುದಿಲ್ಲ.